ಬೆಳವಣಿಗೆಗೆ ಅವಸರ ಸಲ್ಲದು

ಹಿಂಗಾರಿ ಜೋಳ ಬಿತ್ತಿದ ಒಕ್ಕಲಿಗನು ಮರುದಿನವೇ ತೆನೆಯನ್ನು ಹುಡುಕುವದಿಲ್ಲ. ಇಂಡಿಯ ತೋಟಿಗರು ಲಿಂಬೆಯ ಸಸಿಯನ್ನು ನೆಟ್ಟು ಫಲಕ್ಕಾಗಿ ವರುಷಗಟ್ಟಲೆ ಕಾಯುವರು. ಹೊಲದಲ್ಲಿ ಇಷ್ಟು ತಾಳ್ಮೆಯುಳ್ಳ ನಾವು ಮನೆಯ ಮಕ್ಕಳ ವಿಷಯದಲ್ಲಿ ಮಾತ್ರ ಅವಸರಪಡುತ್ತೇವೆ. ಮನುಷ್ಯನ ಬೆಳವಣಿಗೆಗೂ ನಿಯಮಗಳುಂಟು. ಅವುಗಳನ್ನು ಅರಿಯುವದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯವಾಗಿದೆ.

ಮೊದಲನೆಯದು ಕ್ರಮ. ಬೆಳವಣಿಗೆಯು ತಲೆಯಿಂದ ಕಾಲಿನ ಕಡೆಗೆ, ನಡುವಿನಿಂದ ತುದಿಯ ಕಡೆಗೆ ಸಾಗುವದು. ಹುಟ್ಟಿದ ಕೂಸಿನ ತಲೆಯು ಮೈಯುದ್ದದ ಕಾಲುಭಾಗದಷ್ಟಿರುವದು. ಬೆಳೆದವರಲ್ಲಿ ಸುಮಾರು ಎಂಟರಲ್ಲೊಂದು ಭಾಗ. ಕೂಸು ಮೊದಲು ಕತ್ತು ನಿಲ್ಲಿಸುವದು, ಬಳಿಕ ಕೂಡ್ರುವದು, ಆಮೇಲೆ ನಿಲ್ಲುವದು. ಮುಷ್ಟಿಯಿಂದ ಹಿಡಿಯಲು ಕಲಿತ ಮೇಲೆಯೇ ಅದು ಬೆರಳ ತುದಿಯಿಂದ ಕಾಳನ್ನು ಹೆಕ್ಕುವದು.

ಕ್ರಮವು ಎಲ್ಲರಿಗೂ ಬಹುಮಟ್ಟಿಗೆ ಒಂದೇ ಆದರೂ ವೇಗವು ಬೇರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಐದು ದೇಶಗಳ ಕೂಸುಗಳನ್ನು ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದ ಅಳತೆಯಂತೆ, ಆರೋಗ್ಯವಂತ ಕೂಸು ತಾನಾಗಿ ನಡೆಯುವ ಕಾಲವು ಸುಮಾರು ೮ರಿಂದ ೧೭½ ತಿಂಗಳವರೆಗೆ ಹಬ್ಬಿದೆ. ಆದಕಾರಣ ಜಾವಳದ ದಿನ ನೆರೆಮನೆಯ ಕೂಸಿನೊಡನೆ ನಮ್ಮ ಕೂಸನ್ನು ಹೋಲಿಸಿ ತಾಯಿಯನ್ನು ಹಳಿಯುವದು ಅನ್ಯಾಯ. ೧೮ ತಿಂಗಳು ತುಂಬಿಯೂ ನಡೆಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಬೀಜದ ಗುಣವೆಷ್ಟೇ ಒಳ್ಳೆಯದಿರಲಿ, ನೆಲ ನೀರುಗಳೂ ಬೇಕು. ಆರು ವರುಷದೊಳಗೆ ಮಿದುಳು ತನ್ನ ಪೂರ್ಣ ಗಾತ್ರದ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಮುಟ್ಟುವದು. ಮಳೆ ಕೈಕೊಟ್ಟ ವರುಷ ಸಿಂದಗಿ, ಮುದ್ದೇಬಿಹಾಳಗಳ ಕಡೆಯ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಗೋವೆಗೂ ಮಹಾರಾಷ್ಟ್ರಕ್ಕೂ ಹೋಗುತ್ತವೆ. ಕೂಸು ಜೊತೆಗೆ ಹೋಗಲಿ, ಅಜ್ಜಿಯ ಬಳಿ ಉಳಿಯಲಿ. ಹೊಟ್ಟೆತುಂಬ ಊಟ, ವೇಳೆಗೆ ಲಸಿಕೆ, ಅಕ್ಕರೆಯ ಮಾತು ಇವು ಮೂರೂ ತಪ್ಪಬಾರದು.

ಇನ್ನೊಂದು ನಿಯಮವನ್ನು ನಾವು ವಿಶೇಷವಾಗಿ ಹೇಳಬೇಕಾಗಿದೆ. ದೇಹದ ಎಲ್ಲ ಅಂಗಗಳೂ ಒಂದೇ ಕಾಲಕ್ಕೆ ಪೂರ್ತಿಯಾಗುವದಿಲ್ಲ. ಹುಡುಗಿಯು ಮೈನೆರೆದಳೆಂದರೆ ಬೆಳೆದು ನಿಂತಳೆಂದು ಅರ್ಥವಲ್ಲ. ಎತ್ತರವು ನಿಂತ ಮೇಲೂ ಸೊಂಟದ ಎಲುಬುಗಳು ಅಗಲವಾಗುತ್ತಲಿರುವವು. ವಿವೇಚನೆಯನ್ನಾಳುವ ಮಿದುಳಿನ ಭಾಗವು ಇಪ್ಪತ್ತು ದಾಟಿದ ಮೇಲೆಯೇ ಪಕ್ವವಾಗುವದು. ಹದಿನೈದರಲ್ಲಿ ಬಸಿರಾದವಳ ಮೈಯು ತನ್ನ ಬೆಳವಣಿಗೆಗೂ ಕೂಸಿನ ಬೆಳವಣಿಗೆಗೂ ಒಂದೇ ತುತ್ತನ್ನು ಹಂಚಬೇಕಾಗುವದು. ತಾಯಿ ಸೊರಗುವಳು, ಕೂಸು ಕಡಿಮೆ ತೂಕದಲ್ಲಿ ಹುಟ್ಟುವದು. ೨೦೦೬ರ ಕಾಯಿದೆಯು ಹದಿನೆಂಟರೊಳಗಿನ ಹುಡುಗಿಯ ಮದುವೆಯನ್ನು ನಿಷೇಧಿಸಿದೆ. ಆದರೆ ಮಗಳನ್ನು ಕಾಯಬೇಕಾದವರು ಮೊದಲು ಮನೆಯವರೇ.

ಇದೇ ವಯಸ್ಸಿನಲ್ಲಿ ಮಕ್ಕಳು ಹಿರಿಯರನ್ನು ಪ್ರಶ್ನಿಸತೊಡಗುವರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಾಲ್ಯದಲ್ಲಿಯೇ ಉಪನಯನವನ್ನು ಒಲ್ಲೆನೆಂದು ಮನೆ ಬಿಟ್ಟರೆಂಬುದು ಪರಂಪರೆಯ ಮಾತು. ಮಗುವಿನ ಪ್ರಶ್ನೆಯೆಲ್ಲವೂ ಉದ್ಧಟತನವಲ್ಲ.

ಬೆಳವಣಿಗೆಯು ಯೌವನಕ್ಕೆ ನಿಲ್ಲುವದಿಲ್ಲ. ಎರಿಕ್ ಎರಿಕ್‌ಸನ್ನರು ೧೯೫೦ರಲ್ಲಿ ಬಾಳನ್ನು ಎಂಟು ಅವಸ್ಥೆಗಳಾಗಿ ವಿಂಗಡಿಸಿ, ಮುಪ್ಪಿಗೂ ಅದರದೇ ಸಾಧನೆಯನ್ನು ಗೊತ್ತುಪಡಿಸಿದರು. ವಯಸ್ಸಾದಂತೆ ಗ್ರಹಿಕೆಯ ಚುರುಕು ಕುಂದಿದರೂ ಶಬ್ದಸಂಪತ್ತೂ ಅನುಭವದ ತಿಳಿವಳಿಕೆಯೂ ಬಹುಕಾಲ ಉಳಿಯುವವು. ಎರೆಮಣ್ಣಿನ ಹಸಿಯನ್ನು ಹಿಡಿದು ನೋಡಿ ಬಿತ್ತುವ ದಿನವನ್ನು ಹೇಳುವ ಅಜ್ಜನ ಮಾತನ್ನು ಮನೆಯು ಕೇಳುತ್ತಲಿರಬೇಕು.

ಕೂಸಿಗೆ ಕಾಲಾವಕಾಶ, ಮಗಳಿಗೆ ಹರೆಯ, ಮುದುಕರಿಗೆ ಮಾತಿನ ಮನ್ನಣೆ: ಇವು ಬಡವನೂ ಕೊಡಬಲ್ಲ ಸಂಪತ್ತು. ಪ್ರಿಯ ವಾಚಕರು ಇದನ್ನು ತಮ್ಮ ಮನೆಯಿಂದಲೇ ಆರಂಭಿಸಲೆಂದು ನಮ್ಮ ವಿನಂತಿ.