ಆನೆಕಾಲು ರೋಗದ ಮಾತ್ರೆ: ಆರೋಗ್ಯವಾಗಿರುವ ನಾನೇಕೆ ನುಂಗಬೇಕು?

ಆನೆಕಾಲು ರೋಗ ಇರುವ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಫೆಬ್ರವರಿ ಅಥವಾ ಆಗಸ್ಟ್ ತಿಂಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬರುತ್ತಾರೆ. ವಯಸ್ಸು ಕೇಳಿ, ಕೆಲವು ಕಡೆ ಎತ್ತರವನ್ನೂ ಅಳೆದು, ಕೈಗೆ ಮಾತ್ರೆ ಕೊಟ್ಟು "ನಮ್ಮೆದುರೇ ನುಂಗಿ" ಎನ್ನುತ್ತಾರೆ. ಆಗ ಹೆಚ್ಚಿನ ಮನೆಗಳಲ್ಲಿ ಕೇಳಿಬರುವ ಉತ್ತರ ಎರಡೇ. ಒಂದು, "ನಮ್ಮನೇಲಿ ಯಾರಿಗೂ ಕಾಲು ಬಾತಿಲ್ಲವಲ್ಲ." ಇನ್ನೊಂದು, "ಅಲ್ಲಿ ಇಟ್ಟು ಹೋಗಿ, ಆಮೇಲೆ ತಗೋತೀವಿ." ಹಾಗೆ ಇಟ್ಟ ಮಾತ್ರೆಗಳಲ್ಲಿ ಎಷ್ಟೋ ಟಿ.ವಿ. ಪಕ್ಕದಲ್ಲೇ ಉಳಿದು, ಕೊನೆಗೆ ಕಸದ ಬುಟ್ಟಿ ಸೇರುತ್ತವೆ.

ಈ ಎರಡು ಉತ್ತರಗಳ ಹಿಂದಿರುವ ಅನುಮಾನ ಸಹಜವಾದದ್ದೇ. ಕಾಯಿಲೆ ಇಲ್ಲದವರು ಔಷಧ ಏಕೆ ತೆಗೆದುಕೊಳ್ಳಬೇಕು? ಅದನ್ನು ತಿಳಿಯಲು ಈ ರೋಗ ಮೈಯೊಳಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕಾಲು ಬಾಯುವ ಮೊದಲೇ ರೋಗ ಒಳಗಿರುತ್ತದೆ

ಆನೆಕಾಲು ರೋಗಕ್ಕೆ ವೈದ್ಯರು ಫೈಲೇರಿಯಾ ಎನ್ನುತ್ತಾರೆ. ದಾರದಂತಹ ಒಂದು ಹುಳು ಇದಕ್ಕೆ ಕಾರಣ. ಭಾರತದಲ್ಲಿ ಬಹುಪಾಲು ಪ್ರಕರಣಗಳಿಗೆ ಕಾರಣವಾದ ಹುಳುವಿನ ಹೆಸರು ವುಚೆರೇರಿಯಾ ಬ್ಯಾಂಕ್ರಾಫ್ಟಿ. ಇದನ್ನು ಹರಡುವುದು ಕ್ಯೂಲೆಕ್ಸ್ ಸೊಳ್ಳೆ. ಚರಂಡಿ, ತೆರೆದ ಶೌಚಗುಂಡಿ, ನಿಂತ ಕೊಳಚೆ ನೀರಿನಲ್ಲಿ ಹುಟ್ಟಿ ರಾತ್ರಿ ಹೊತ್ತು ಕಚ್ಚುವ ಸೊಳ್ಳೆ ಇದು.

ಸೊಳ್ಳೆ ಕಚ್ಚಿದಾಗ ಮರಿಹುಳುಗಳು ಚರ್ಮದ ಮೂಲಕ ಒಳಗೆ ಸೇರಿ ದುಗ್ಧರಸ ನಾಳಗಳಿಗೆ ಹೋಗುತ್ತವೆ. ರಕ್ತನಾಳಗಳ ಜೊತೆಜೊತೆಗೇ ಮೈತುಂಬ ಹರಡಿರುವ ಈ ಸಣ್ಣ ನಾಳಗಳು ಅಂಗಾಂಶಗಳಲ್ಲಿ ಉಳಿದ ಹೆಚ್ಚುವರಿ ನೀರನ್ನು ಮತ್ತೆ ರಕ್ತಕ್ಕೆ ತಲುಪಿಸುತ್ತವೆ. ಹುಳುಗಳು ಅಲ್ಲೇ ಬೆಳೆದು, ಗಂಡು ಹೆಣ್ಣು ಕೂಡಿ, ಆರರಿಂದ ಎಂಟು ವರ್ಷ ಬದುಕುತ್ತವೆ. ಹೆಣ್ಣು ಹುಳು ತನ್ನ ಜೀವಮಾನದಲ್ಲಿ ಲಕ್ಷಾಂತರ ಸೂಕ್ಷ್ಮ ಮರಿಗಳನ್ನು ರಕ್ತಕ್ಕೆ ಬಿಡುತ್ತದೆ. ಇವಕ್ಕೆ ಮೈಕ್ರೋಫೈಲೇರಿಯಾ ಎಂದು ಹೆಸರು. ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ, ರಾತ್ರಿಯಲ್ಲೇ ಇವು ರಕ್ತದಲ್ಲಿ ಹೆಚ್ಚಾಗಿ ಓಡಾಡುತ್ತವೆ. ಆರೋಗ್ಯ ಇಲಾಖೆಯವರು ರಾತ್ರಿ ಎಂಟರ ನಂತರ ಬಂದು ಬೆರಳು ಚುಚ್ಚಿ ರಕ್ತ ತೆಗೆಯುವುದು ಇದಕ್ಕಾಗಿಯೇ.

ಮೈಯೊಳಗೆ ಹುಳು ಇರುವವರಲ್ಲಿ ಹೆಚ್ಚಿನವರಿಗೆ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಕಾಲು ಬಾಯುವುದಿಲ್ಲ, ನೋವಿಲ್ಲ, ಜ್ವರವಿಲ್ಲ. ಆದರೆ ಅವರ ರಕ್ತ ಹೀರಿದ ಸೊಳ್ಳೆ ಸುಮಾರು ಎರಡು ವಾರದಲ್ಲಿ ಇನ್ನೊಬ್ಬರಿಗೆ ರೋಗ ದಾಟಿಸಲು ಸಿದ್ಧವಾಗಿರುತ್ತದೆ. ಸೋಂಕು ಅನೇಕ ಸಲ ಬಾಲ್ಯದಲ್ಲೇ ತಗಲಿ, ನಾಳಗಳು ಒಳಗೊಳಗೇ ಹಾಳಾಗುತ್ತಾ, ಬಾವು ಕಣ್ಣಿಗೆ ಬೀಳುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಆದ್ದರಿಂದ "ನನಗೇನೂ ಆಗಿಲ್ಲ" ಎಂದು ಕನ್ನಡಿ ನೋಡಿ ಹೇಳಲು ಈ ರೋಗದಲ್ಲಿ ಬರುವುದಿಲ್ಲ. ಊರಿನ ಎಲ್ಲರಿಗೂ ಮಾತ್ರೆ ಕೊಡುವುದರ ಮೊದಲ ಕಾರಣ ಇದು.

ಒಮ್ಮೆ ನುಂಗಿದರೆ ಸಾಲದೆ?

ಡಿ.ಇ.ಸಿ. ಮಾತ್ರೆ ರಕ್ತದಲ್ಲಿರುವ ಮರಿಹುಳುಗಳನ್ನು ಚೆನ್ನಾಗಿ ಕೊಲ್ಲುತ್ತದೆ. ಆದರೆ ನಾಳದೊಳಗಿನ ದೊಡ್ಡ ಹುಳುಗಳೆಲ್ಲ ಒಂದೇ ಸಲಕ್ಕೆ ಸಾಯುವುದಿಲ್ಲ. ಉಳಿದವು ಕೆಲವು ತಿಂಗಳ ನಂತರ ಮತ್ತೆ ಮರಿ ಬಿಡಬಹುದು. ಪ್ರತಿವರ್ಷ ಒಂದು ಸಲ ರಕ್ತವನ್ನು ಶುಚಿ ಮಾಡುತ್ತಾ ಬಂದರೆ, ದೊಡ್ಡ ಹುಳುಗಳ ಆಯುಸ್ಸು ಮುಗಿಯುವವರೆಗೂ ಸೊಳ್ಳೆಗೆ ಮರಿಹುಳು ಸಿಗದಂತೆ ತಡೆಯಬಹುದು. ಈ ಹುಳು ದನ, ನಾಯಿ, ಹಂದಿಗಳಲ್ಲಿ ಬದುಕುವುದಿಲ್ಲ. ಇದಕ್ಕೆ ಮನುಷ್ಯನ ಮೈ ಬಿಟ್ಟರೆ ಬೇರೆ ಮನೆ ಇಲ್ಲ. ಹಾಗಾಗಿ ಊರಿನವರ ರಕ್ತ ಶುಚಿಯಾದರೆ ರೋಗದ ಸರಪಳಿ ಕಡಿದಂತೆಯೇ.

ಇದು ಫಲಿಸಬೇಕಾದರೆ ಊರಿನ ಒಟ್ಟು ಜನಸಂಖ್ಯೆಯಲ್ಲಿ ಕನಿಷ್ಠ ನೂರಕ್ಕೆ 65 ಮಂದಿಯಾದರೂ ಪ್ರತಿ ಸುತ್ತಿನಲ್ಲಿ ಮಾತ್ರೆಯನ್ನು ನಿಜವಾಗಿ ನುಂಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಿಜಿಸ್ಟರಿನಲ್ಲಿ ಗುರುತು ಬಿದ್ದ ಮಾತ್ರೆ, ಡಬ್ಬಿಯಲ್ಲಿ ಉಳಿದ ಮಾತ್ರೆ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿವರ್ಷವೂ ತಪ್ಪಿಸಿಕೊಳ್ಳುವವರು ಅದೇ ಜನರಾಗಿದ್ದರೆ, ಸೋಂಕು ಅವರ ಮೈಯಲ್ಲಿ ಉಳಿದು, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಊರಿಗೆ ಹರಡಬಹುದು. ಕರ್ನಾಟಕದಲ್ಲಿ ಇದನ್ನು "ಸಾಮೂಹಿಕ ಔಷಧ ನುಂಗಿಸುವ ಕಾರ್ಯಕ್ರಮ" ಎಂದು ಕರೆಯುತ್ತಾರೆ. ಇಡೀ ಹೆಸರಿನಲ್ಲಿ ಮುಖ್ಯವಾದ ಪದ "ನುಂಗಿಸುವ" ಎಂಬುದು. ಕಾರ್ಯಕರ್ತೆ ಬಾಗಿಲಲ್ಲೇ ನಿಂತು ಕಾಯುವುದು ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ, ಅದು ಅವರ ಕೆಲಸದ ಭಾಗ.

ಯಾವ ಊರುಗಳಲ್ಲಿ?

ಕರ್ನಾಟಕದಲ್ಲಿ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು, ಕರಾವಳಿಯ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳು ಈ ರೋಗದ ಪಟ್ಟಿಯಲ್ಲಿ ಸೇರಿದವು. ಎಲ್ಲ ಕಡೆ ಈಗ ಮಾತ್ರೆ ಕೊಡುವುದಿಲ್ಲ. ಸೋಂಕು ತಗ್ಗಿದೆ ಎಂದು ಸಮೀಕ್ಷೆಗಳಲ್ಲಿ ಖಚಿತವಾದ ಕಡೆ ನಿಲ್ಲಿಸುತ್ತಾರೆ.

ಕೆಲಸಕ್ಕೆಂದು ಆಂಧ್ರಪ್ರದೇಶಕ್ಕೆ ಹೋಗಿ ನೆಲೆಸಿರುವ ಕನ್ನಡ ಕುಟುಂಬಗಳೂ ಇದನ್ನು ತಿಳಿದಿರಬೇಕು. ಕರಾವಳಿ ಆಂಧ್ರ ಈ ರೋಗದ ಹಳೆಯ ನೆಲೆಗಳಲ್ಲಿ ಒಂದು. ವಿಜಯವಾಡದಲ್ಲಿ ಇಂದ್ರಕೀಲಾದ್ರಿಯ ಬುಡದ ಪ್ರಕಾಶಂ ಬ್ಯಾರೇಜಿನ ಬಳಿಯಿಂದ ಹೊರಡುವ ಕಾಲುವೆಗಳು ಊರ ನಡುವೆಯೇ ಹಾದುಹೋಗುತ್ತವೆ. ಹರಿಯುವ ನೀರಿನಲ್ಲಿ ಕ್ಯೂಲೆಕ್ಸ್ ಅಷ್ಟಾಗಿ ಹುಟ್ಟುವುದಿಲ್ಲ. ಅಪಾಯ ಇರುವುದು ಕಸ ಕಟ್ಟಿ ನಿಂತ ಚರಂಡಿಗಳಲ್ಲಿ. ವಿಶಾಖಪಟ್ಟಣದ ತಗ್ಗು ಬಡಾವಣೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತೆಲುಗಿನಲ್ಲಿ ಈ ರೋಗಕ್ಕೆ "ಬೋದಕಾಲು" ಎನ್ನುತ್ತಾರೆ. ಯಾರಾದರೂ ಬಾಗಿಲಿಗೆ ಬಂದು ಬೋದಕಾಲಿನ ಮಾತ್ರೆ ಎಂದರೆ ಅದು ಇದೇ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ, ರೇಷನ್ ಕಾರ್ಡ್ ಊರಲ್ಲಿದೆ ಎಂದು ಹಿಂಜರಿಯಬೇಡಿ. ಸುತ್ತು ನಡೆಯುವ ದಿನ ನೀವು ಎಲ್ಲಿರುತ್ತೀರೋ ಅಲ್ಲೇ ಕೇಳಿ ನುಂಗಬಹುದು.

ಮಾತ್ರೆ ಯಾವುವು, ಎಷ್ಟು?

ಎರಡು ಔಷಧ ಕೊಡುವ ಕಡೆ ಡಿ.ಇ.ಸಿ. ಮತ್ತು ಅಲ್ಬೆಂಡಜೋಲ್ ಇರುತ್ತವೆ. ಮೂರು ಔಷಧ ಕೊಡುವ ಜಿಲ್ಲೆಗಳಲ್ಲಿ ಇವುಗಳ ಜೊತೆ ಐವರ್ಮೆಕ್ಟಿನ್ ಸೇರುತ್ತದೆ.

ಡಿ.ಇ.ಸಿ.: 100 ಮಿ.ಗ್ರಾಂ. ಮಾತ್ರೆ. 2ರಿಂದ 5 ವರ್ಷದವರಿಗೆ 1, 6ರಿಂದ 14 ವರ್ಷದವರಿಗೆ 2, 15 ವರ್ಷ ಮತ್ತು ಮೇಲ್ಪಟ್ಟವರಿಗೆ 3.

ಅಲ್ಬೆಂಡಜೋಲ್: 400 ಮಿ.ಗ್ರಾಂ.ನ ಒಂದೇ ಮಾತ್ರೆ, ಚೆನ್ನಾಗಿ ಅಗಿದು ನುಂಗಬೇಕು. ಹೊಟ್ಟೆಯ ಜಂತುಹುಳುವಿಗೂ ಇದೇ ಮಾತ್ರೆ.

ಐವರ್ಮೆಕ್ಟಿನ್: ಎತ್ತರ ನೋಡಿ ಕೊಡುತ್ತಾರೆ. ಅದಕ್ಕೇ ಗುರುತು ಹಾಕಿದ ಕೋಲು ತರುತ್ತಾರೆ. 5 ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡುವುದಿಲ್ಲ.

ಇವನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ತಿಂಡಿಯನ್ನೋ ಊಟವನ್ನೋ ಮಾಡಿರಿ. ಊಟ ಆಗಿಲ್ಲವಾದರೆ ಮಾತ್ರೆ ಇಟ್ಟುಕೊಳ್ಳುವ ಬದಲು, ಇಷ್ಟು ಹೊತ್ತಿಗೆ ಬನ್ನಿ ಎಂದು ಕಾರ್ಯಕರ್ತೆಗೆ ಹೇಳಿ.

ಗರ್ಭಿಣಿಯರು, 2 ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆಯಿಂದ ಹಾಸಿಗೆ ಹಿಡಿದವರು ಈ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ಹೆರಿಗೆಯಾಗಿ ಒಂದು ವಾರ ತುಂಬದ ಬಾಣಂತಿಯರಿಗೆ ಐವರ್ಮೆಕ್ಟಿನ್ ಇಲ್ಲ. ಬಿ.ಪಿ., ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಮಾತ್ರೆ ನುಂಗಬಹುದು, ದಿನನಿತ್ಯದ ಔಷಧ ನಿಲ್ಲಿಸಬೇಕಾಗಿಲ್ಲ. ಮೂತ್ರಪಿಂಡ ಅಥವಾ ಹೃದಯದ ಗಂಭೀರ ತೊಂದರೆ, ಮೂರ್ಛೆರೋಗ ಇರುವವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲು ವೈದ್ಯರನ್ನು ಕೇಳಿ. ಮೆಡಿಕಲ್ ಶಾಪಿನಲ್ಲಿ ನೀವಾಗಿಯೇ ಕೊಂಡು ತೆಗೆದುಕೊಳ್ಳುವುದು ಬೇಡ.

ಡಿ.ಇ.ಸಿ. ಹೊಸ ಔಷಧವಲ್ಲ. ಕರಾವಳಿ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದಾಗ, 1940ರ ದಶಕದಲ್ಲಿ, ಅವರ ತಂಡ ಇದನ್ನು ರೂಪಿಸಿತು. ಮೂರು ಔಷಧಗಳನ್ನು ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂಬ ಪ್ರಶ್ನೆಯನ್ನು 2016ರಿಂದ 2018ರ ನಡುವೆ ಐದು ದೇಶಗಳಲ್ಲಿ 26 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಲಾಯಿತು. ಅದರಲ್ಲಿ ಭಾರತದ ಭಾಗ ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ. ಮೂರು ಔಷಧಗಳ ಚಿಕಿತ್ಸೆ ಎರಡು ಔಷಧಗಳಷ್ಟೇ ಸುರಕ್ಷಿತ ಎಂದು ಈ ಅಧ್ಯಯನದಿಂದ ತಿಳಿಯಿತು.

ನುಂಗಿದ ಮೇಲೆ ಜ್ವರ ಬಂದರೆ?

ಕೆಲವರಿಗೆ ಮಾತ್ರೆ ನುಂಗಿದ ಒಂದೆರಡು ದಿನದಲ್ಲಿ ಜ್ವರ, ತಲೆನೋವು, ಮೈಕೈ ನೋವು, ವಾಕರಿಕೆ, ತಲೆಸುತ್ತು ಬರಬಹುದು. "ಮಾತ್ರೆ ತಿಂದು ಕಾಯಿಲೆ ಬಂತು" ಎಂಬ ಸುದ್ದಿ ಊರಲ್ಲಿ ಹರಡುವುದು ಇಲ್ಲಿಂದಲೇ. ರಕ್ತದಲ್ಲಿ ಮರಿಹುಳುಗಳು ಒಮ್ಮೆಗೇ ಸತ್ತಾಗ ಅವುಗಳಿಂದ ಹೊರಬರುವ ವಸ್ತುಗಳಿಗೆ ದೇಹ ಪ್ರತಿಕ್ರಿಯಿಸುತ್ತದೆ. ಮೈಯಲ್ಲಿ ಮರಿಹುಳು ಹೆಚ್ಚಿದ್ದಷ್ಟೂ ತೊಂದರೆ ಹೆಚ್ಚು. ಅಂದರೆ ಈ ಜ್ವರ ಅನೇಕ ಸಲ ಒಳಗೆ ಸೋಂಕು ಇತ್ತು, ಔಷಧ ಕೆಲಸ ಮಾಡಿತು ಎಂಬುದರ ಗುರುತು. ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ. ನೀರು ಹೆಚ್ಚು ಕುಡಿದು ವಿಶ್ರಾಂತಿ ತೆಗೆದುಕೊಳ್ಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಉಸಿರಾಟದ ತೊಂದರೆ, ಮುಖ ಬಾಯುವುದು, ಎಚ್ಚರ ತಪ್ಪುವುದು, ನಿಲ್ಲದ ವಾಂತಿ ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸುತ್ತಿನ ದಿನಗಳಲ್ಲಿ ಇದಕ್ಕೆಂದೇ ತುರ್ತು ತಂಡಗಳನ್ನು ಸಿದ್ಧ ಇಟ್ಟಿರುತ್ತಾರೆ.

ಈಗಾಗಲೇ ಕಾಲು ಬಾತಿರುವವರು ಏನು ಮಾಡಬೇಕು?

ಮಾತ್ರೆ ಹೊಸ ಸೋಂಕನ್ನು ತಡೆಯುತ್ತದೆ. ವರ್ಷಗಳಿಂದ ದಪ್ಪವಾದ ಕಾಲನ್ನು ಮೊದಲಿನಂತೆ ಮಾಡುವುದಿಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಬಾವು ಹೆಚ್ಚುವುದು ಹೆಚ್ಚಾಗಿ ಬೆರಳ ಸಂದಿಯ ಬಿರುಕುಗಳಿಂದ ಬ್ಯಾಕ್ಟೀರಿಯಾ ನುಗ್ಗಿ ಪದೇಪದೇ ಜ್ವರ, ಕೆಂಪು, ಉರಿ ಬರುವುದರಿಂದ. ಇದನ್ನು ಮನೆಯಲ್ಲೇ ತಡೆಯಬಹುದು.

ದಿನಕ್ಕೆ ಎರಡು ಸಲ ಕಾಲನ್ನು ಸಾಧಾರಣ ಸೋಪು, ತಣ್ಣೀರಿನಿಂದ ಮೆಲ್ಲಗೆ ತೊಳೆಯಿರಿ. ಉಜ್ಜಬೇಡಿ. ಮೃದು ಬಟ್ಟೆಯಿಂದ ಒತ್ತಿ ಒರೆಸಿ, ಮಡಿಕೆಗಳು ಮತ್ತು ಬೆರಳ ಸಂದಿ ಪೂರ್ತಿ ಒಣಗಲಿ. ಸಂದಿಯಲ್ಲಿ ಬಿಳಿಚಿದ ಚರ್ಮ, ತುರಿಕೆ ಇದ್ದರೆ ವೈದ್ಯರು ಹೇಳಿದ ಮುಲಾಮು ಹಚ್ಚಿ. ಕೂತಾಗ, ಮಲಗಿದಾಗ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ. ಪಾದವನ್ನು ಮೇಲೆ ಕೆಳಗೆ ಆಡಿಸುವ ಸರಳ ವ್ಯಾಯಾಮ ಮಾಡಿ. ಬರಿಗಾಲಲ್ಲಿ ನಡೆಯಬೇಡಿ.

ಕಾಲು ಕೆಂಪಾಗಿ ಜ್ವರ, ಚಳಿ ಬಂದ ದಿನಗಳಲ್ಲಿ ವ್ಯಾಯಾಮ ಬಿಟ್ಟು, ಕಾಲಿಗೆ ವಿಶ್ರಾಂತಿ ಕೊಟ್ಟು, ತಣ್ಣನೆ ಒದ್ದೆ ಬಟ್ಟೆ ಹಾಕಿ, ವೈದ್ಯರನ್ನು ಕಾಣಿ. ಆಗ ಆಂಟಿಬಯೋಟಿಕ್ ಬೇಕಾಗಬಹುದು. ಸೊಪ್ಪಿನ ಬಿಸಿ ಪಟ್ಟು, ಬರೆ ಹಾಕುವುದು, ಚುಚ್ಚಿ ನೀರು ತೆಗೆಯುವುದು ಇವೆಲ್ಲ ಅಪಾಯ.

ಗಂಡಸರಲ್ಲಿ ವೃಷಣದ ಚೀಲದಲ್ಲಿ ನೀರು ತುಂಬಿ ಬಾಯುವುದಕ್ಕೂ ಇದೇ ಹುಳು ಕಾರಣವಾಗಬಹುದು. ಇದಕ್ಕೆ ಹೈಡ್ರೋಸಿಲ್ ಎನ್ನುತ್ತಾರೆ. ಸಂಕೋಚದಿಂದ ಪಂಚೆಯ ಮರೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು, ಕೆಲಸ ಬಿಟ್ಟು ಮನೆಯಲ್ಲಿ ಕೂತವರಿದ್ದಾರೆ. ಶಸ್ತ್ರಚಿಕಿತ್ಸೆಯಿಂದ ಇದು ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಮನೆಯವರು ಮೊದಲು ಮಾತು ತೆಗೆದರೆ ಅರ್ಧ ಸಂಕೋಚ ಕಳೆಯುತ್ತದೆ. ಕಾಲು ಬಾತವರನ್ನು ಮುಟ್ಟುವುದರಿಂದ, ಜೊತೆಗೆ ಉಣ್ಣುವುದರಿಂದ ರೋಗ ಬರುವುದಿಲ್ಲ. ಇದು ಶಾಪವೂ ಅಲ್ಲ, ವಂಶದ ದೋಷವೂ ಅಲ್ಲ.

ಒಂದು ರೋಗವನ್ನು ನಿಜಕ್ಕೂ ಇಲ್ಲವಾಗಿಸಬಹುದೇ?

ಆನೆಕಾಲು, ಕುಷ್ಠ, ಕಾಲಾ ಅಜಾರ್ ಮುಂತಾದವನ್ನು ವಿಶ್ವ ಆರೋಗ್ಯ ಸಂಸ್ಥೆ "ನಿರ್ಲಕ್ಷಿತ ಉಷ್ಣವಲಯದ ರೋಗಗಳು" ಎಂದು ಕರೆಯುತ್ತದೆ. ಬಡವರಿಗೆ ಬರುತ್ತವೆ, ಬೇಗ ಕೊಲ್ಲುವುದಿಲ್ಲ, ಆದ್ದರಿಂದ ಸುದ್ದಿಯಾಗುವುದಿಲ್ಲ. ಆದರೆ ಇವನ್ನು ಓಡಿಸಿದ ಅನುಭವ ನಮಗೇ ಇದೆ. ನಾರುಹುಣ್ಣು ಎಂಬ ರೋಗವನ್ನು ನಿಮ್ಮ ಮನೆಯ ಹಿರಿಯರು ಕಂಡಿರಬಹುದು. ಕೆರೆ, ಮೆಟ್ಟಿಲುಬಾವಿಗಳ ನೀರಿನಿಂದ ಬರುತ್ತಿದ್ದ ಈ ಹುಳು ಕರ್ನಾಟಕದಲ್ಲೂ ಆಂಧ್ರದಲ್ಲೂ ಇತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ಜನ ನೀರು ಸೋಸಿ ಕುಡಿದರು, ಬಾವಿಗಿಳಿಯುವುದನ್ನು ಬಿಟ್ಟರು, ಕೊಳವೆಬಾವಿಗಳು ಬಂದವು. 1996ರ ನಂತರ ಭಾರತದಲ್ಲಿ ಒಂದೂ ಪ್ರಕರಣ ಕಾಣಲಿಲ್ಲ. 2000ದಲ್ಲಿ ದೇಶ ನಾರುಹುಣ್ಣು ಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಆನೆಕಾಲು ರೋಗ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ಶ್ರೀಲಂಕಾ 2016ರಲ್ಲಿ, ಬಾಂಗ್ಲಾದೇಶ 2023ರಲ್ಲಿ ಮಾನ್ಯತೆ ಪಡೆದವು. ಭಾರತ ಇಟ್ಟುಕೊಂಡಿರುವ ಗುರಿ 2027.

ಮುಂದಿನ ಸುತ್ತಿಗೆ ಮನೆಯಲ್ಲಿ ಹೀಗೆ ಮಾಡಿ. ದಿನಾಂಕವನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿ ತಿಳಿಯಿರಿ. ಆ ದಿನ ಎಲ್ಲರೂ ತಿಂಡಿ ತಿಂದಿರಲಿ. ಗರ್ಭಿಣಿ, ಎಳೆಮಗು, ಕಾಯಿಲೆಯವರು ಇದ್ದರೆ ಮುಂಚೆಯೇ ಹೇಳಿ. ಹೊಲಕ್ಕೆ, ಕೆಲಸಕ್ಕೆ ಹೋದವರಿದ್ದರೆ ಸಂಜೆ ಮತ್ತೆ ಬರಲು ಕೇಳಿ, ಇಲ್ಲವೇ ಅವರನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. ಮನೆ ಸುತ್ತ ನಿಂತ ಕೊಳಚೆ ಹರಿಯುವಂತೆ ಮಾಡಿ, ಶೌಚಗುಂಡಿಯ ಗಾಳಿ ಕೊಳವೆಗೆ ಬಲೆ ಕಟ್ಟಿ, ರಾತ್ರಿ ಸೊಳ್ಳೆಪರದೆ ಬಳಸಿ. ಮಾತ್ರೆ ಕೈಗೆ ಬಂದ ಮೇಲೆ ಒಂದು ಲೋಟ ನೀರು ತಂದು ಅಲ್ಲೇ, ಅವರೆದುರೇ ನುಂಗಿ.