ಪಾಲುದಾರರು ಕಡಿಮೆ, ಪಾಲೂ ಕಡಿಮೆ

ಪಂಕ್ತಿಯಲ್ಲಿ ಊಟಕ್ಕೆ ಕೂತವರು ಕಡಿಮೆಯಾದರೆ ಉಳಿದವರ ಎಲೆಗೆ ಹೆಚ್ಚು ಬೀಳುತ್ತದೆ. ಊರಿನ ಆದಾಯದ ವಿಷಯದಲ್ಲೂ ಹೀಗೆಯೇ ಆಗುತ್ತದೆಯೇ? ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮ್ಯಾಕ್‌ಡೊವೆಲ್ ಕೌಂಟಿಯ ಅಂಕಿಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಆದರೆ ಜನಸಂಖ್ಯೆಯಲ್ಲಿ ಇದು ನಮ್ಮ ಎಷ್ಟೋ ಹೋಬಳಿಗಳಿಗಿಂತ ಚಿಕ್ಕದು.

1950ರ ಜನಗಣತಿಯಲ್ಲಿ ಇಲ್ಲಿ 98,887 ಜನರಿದ್ದರು. 2020ರಲ್ಲಿ ಉಳಿದವರು 19,111. ಅಂದರೆ ಎಪ್ಪತ್ತು ವರ್ಷಗಳಲ್ಲಿ ಐವರಲ್ಲಿ ನಾಲ್ವರು ಕಡಿಮೆಯಾದರು. ಯುದ್ಧವಾಗಲಿ, ಪ್ರವಾಹವಾಗಲಿ ಇದಕ್ಕೆ ಕಾರಣವಲ್ಲ.

ಅಪಲಾಚಿಯನ್ ಬೆಟ್ಟಸಾಲಿನ ಈ ನೆಲದಡಿ ಇದ್ದದ್ದು ಉಕ್ಕಿನ ಕಾರ್ಖಾನೆಗಳಿಗೆ ಬೇಕಾದ ಉತ್ತಮ ಕಲ್ಲಿದ್ದಲು. ಹತ್ತೊಂಬತ್ತನೇ ಶತಮಾನದ ಕೊನೆಗೆ ರೈಲು ಬಂತು, ಅದರ ಬೆನ್ನಿಗೇ ಗಣಿಗಳು ಬಂದವು. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ, ಯುರೋಪಿನಿಂದ ಇಟಲಿ, ಹಂಗೇರಿಯ ವಲಸಿಗರು ಕೂಲಿ ಹುಡುಕಿ ಬಂದರು. ಮನೆ ಕಂಪನಿಯದು, ಅಂಗಡಿಯೂ ಕಂಪನಿಯದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜನ ಊರು ಬಿಡಲು ಶುರು ಮಾಡಿದ್ದು ಕಲ್ಲಿದ್ದಲು ಮುಗಿದಾಗ ಅಲ್ಲ. ಹತ್ತಾರು ಜನರ ಕೆಲಸವನ್ನು ತಾನೊಂದೇ ಮಾಡುವ ಅಗೆಯುವ ಯಂತ್ರಗಳು 1940ರ ದಶಕದ ಕೊನೆಗೆ ಗಣಿಗಿಳಿದವು. 1950ರಲ್ಲಿ ಗಣಿ ಕಾರ್ಮಿಕರ ಸಂಘದ ನಾಯಕ ಜಾನ್ ಎಲ್. ಲೂಯಿಸ್ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡರು. ಒಳ್ಳೆಯ ಕೂಲಿ, ಪಿಂಚಣಿ, ಆಸ್ಪತ್ರೆ ಸೌಲಭ್ಯ ಸಿಕ್ಕಿತು. ಬದಲಿಗೆ ಯಂತ್ರಗಳಿಗೆ ಸಂಘದ ವಿರೋಧ ಇರಲಿಲ್ಲ. ಕೆಲಸ ಉಳಿದವರಿಗೆ ಕೈತುಂಬ ಸಂಬಳ ಬಂತು. ಆದರೆ ಕೆಲಸ ಉಳಿದವರೇ ಕಡಿಮೆ. 1970ರ ಹೊತ್ತಿಗೆ ಕೌಂಟಿಯ ಜನಸಂಖ್ಯೆ 50,666ಕ್ಕೆ ಇಳಿದಿತ್ತು.

ಮುಂದಿನ ದಶಕದಲ್ಲಿ ತೈಲ ಬಿಕ್ಕಟ್ಟಿನಿಂದ ಕಲ್ಲಿದ್ದಲಿಗೆ ಮತ್ತೆ ಬೆಲೆ ಬಂತು. 1980ರಲ್ಲಿ ಜನಸಂಖ್ಯೆ 49,899. ಇಳಿತ ನಿಂತಿತು ಎಂದೇ ಅನ್ನಿಸುವಂತಿತ್ತು. ಅಷ್ಟರಲ್ಲಿ ಅಮೆರಿಕದ ಉಕ್ಕಿನ ಉದ್ಯಮ ಕುಸಿಯಿತು. ಗ್ಯಾರಿ ಎಂಬ ಪಟ್ಟಣದ ಸುತ್ತ ಇದ್ದ ಯು.ಎಸ್. ಸ್ಟೀಲ್ ಕಂಪನಿಯ ಗಣಿಗಳು ಮುಚ್ಚಿದವು. 1990ರ ಗಣತಿಯಲ್ಲಿ ಸಿಕ್ಕವರು 35,233 ಜನ.

ಈಗ ಪಾಲಿನ ಪ್ರಶ್ನೆಗೆ ಬರೋಣ. 2020ರ ಸುಮಾರಿಗೆ ಇಲ್ಲಿನ ಮಧ್ಯಕ ಕುಟುಂಬ ಆದಾಯ, ಅಂದರೆ ಅರ್ಧ ಕುಟುಂಬಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ ಇರುವ ಮೊತ್ತ, ವರ್ಷಕ್ಕೆ 30 ಸಾವಿರ ಡಾಲರ್‌ಗಿಂತ ಕಡಿಮೆ. ಇಡೀ ದೇಶದ್ದು ಸುಮಾರು 65 ಸಾವಿರ ಡಾಲರ್. ಯಾಕೆ ಹೀಗೆ? ಊರು ಬಿಟ್ಟವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ಉಳಿದವರಲ್ಲಿ ವೃದ್ಧರು, ಗಣಿಯ ದೂಳಿನಿಂದ ಶ್ವಾಸಕೋಶ ಕಳೆದುಕೊಂಡವರು ಬಹಳ. ಕೌಂಟಿಯ ಒಟ್ಟು ಆದಾಯದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಪಿಂಚಣಿ, ಅಂಗವೈಕಲ್ಯ ಭತ್ಯೆಯಂಥ ಸರ್ಕಾರಿ ಹಣ. 1961ರಲ್ಲಿ ಕೆನಡಿ ಸರ್ಕಾರ ಬಡವರಿಗೆ ಆಹಾರದ ಕೂಪನ್ ಕೊಡುವ ಪ್ರಾಯೋಗಿಕ ಯೋಜನೆ ಆರಂಭಿಸಿದಾಗ ಮೊದಲ ಕೂಪನ್ ಕೊಟ್ಟದ್ದೂ ಈ ಕೌಂಟಿಯಲ್ಲೇ.

ದುಡಿಯುವವರು ಹೋದರೆ ಅವರ ಸಂಬಳ ಮಾತ್ರ ಹೋಗುವುದಿಲ್ಲ. ಅವರು ಖರ್ಚು ಮಾಡುತ್ತಿದ್ದ ಹಣವೂ ಹೋಗುತ್ತದೆ. 2016ರಲ್ಲಿ ಇಲ್ಲಿನ ವಾಲ್‌ಮಾರ್ಟ್ ಮಳಿಗೆ ಮುಚ್ಚಿದಾಗ ಅಲ್ಲಿನವರ ಕೆಲಸದ ಜತೆಗೆ ದಿನಸಿ ಕೊಳ್ಳುವ ಜಾಗವೂ ಹೋಯಿತು. ಇನ್ನೊಂದು ವಿಚಿತ್ರ ನೋಡಿ: ಇಷ್ಟು ಜನ ಖಾಲಿಯಾದ ಕೌಂಟಿಯಲ್ಲಿ ಶಿಕ್ಷಕರಿಗೆ ವಾಸಯೋಗ್ಯ ಬಾಡಿಗೆ ಮನೆಗಳ ಕೊರತೆ. ಅವರನ್ನು ಸೆಳೆಯಲೆಂದೇ ಕೌಂಟಿ ಕೇಂದ್ರವಾದ ವೆಲ್ಚ್‌ನಲ್ಲಿ ಹೊಸ ಅಪಾರ್ಟ್‌ಮೆಂಟ್ ಕಟ್ಟಬೇಕಾಯಿತು.

ಹಾಗಾದರೆ ಊರು ಬಿಟ್ಟ ಯುವಜನರದೇ ತಪ್ಪೇ? ಕೆಲಸವೇ ಇಲ್ಲದ ಕಡೆ ಉಳಿಯಿರಿ ಎಂದು ಯಾರೂ ಯಾರಿಗೂ ಹೇಳಲಾಗದು. ಕೊರತೆ ಇದ್ದದ್ದು ಊರಿನ ಆಧಾರದಲ್ಲಿ. ಒಂದೇ ಕಂಬದ ಮೇಲೆ ಮಾಡು ನಿಂತಿತ್ತು.

ಕೆಲಸ ಹುಡುಕುವ ನಾವೆಲ್ಲ ಮೊದಲು ಕೇಳುವುದು ಸಂಬಳ ಎಷ್ಟು ಎಂದು. ಕೇಳಲೇಬೇಕು. ಆದರೆ 1950ರ ಮ್ಯಾಕ್‌ಡೊವೆಲ್ ಗಣಿಗಳಲ್ಲೂ ಸಂಬಳ ಚೆನ್ನಾಗಿಯೇ ಇತ್ತು. ಆ ಸಂಬಳ ಎಷ್ಟು ಉದ್ಯಮಗಳ ಮೇಲೆ ನಿಂತಿದೆ, ನಾವು ಕಲಿತ ಕೆಲಸವನ್ನು ಯಂತ್ರ ಕಲಿತರೆ ನಮ್ಮ ಕೈಯಲ್ಲಿ ಬೇರೇನು ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನೂ ಅದರ ಜತೆಗೇ ಕೇಳಿಕೊಳ್ಳೋಣ.