ಸಗಣಿ ತೊಟ್ಟಿಯ ಜೀವಿ ಬದಲಿಸಿದ ವಂಶವೃಕ್ಷ

ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳನ್ನು ವಿಜ್ಞಾನಿಗಳು ಬಹುಕಾಲ ಬ್ಯಾಕ್ಟೀರಿಯಾ ಎಂದೇ ಕರೆದರು. ಸೂಕ್ಷ್ಮದರ್ಶಕದಡಿ ಅವು ಕಾಣುವುದೂ ಹಾಗೆಯೇ. ಲಿನೇಯಸ್ ಜೀವಲೋಕವನ್ನು ಸಸ್ಯ, ಪ್ರಾಣಿ ಎಂದು ಎರಡಾಗಿ ಹಂಚಿದ 18ನೇ ಶತಮಾನದಿಂದಲೂ ವರ್ಗೀಕರಣ ನಡೆದದ್ದು ಮುಖ್ಯವಾಗಿ ಕಣ್ಣಿನ ಸಾಕ್ಷ್ಯದ ಮೇಲೆ. ರಾಬರ್ಟ್ ವಿಟ್ಟೇಕರ್ 1969ರಲ್ಲಿ ಐದು ಸಾಮ್ರಾಜ್ಯಗಳನ್ನು ಗುರುತಿಸಿದರು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಅದನ್ನೇ. ಕೋಶಕೇಂದ್ರವಿಲ್ಲದ ಜೀವಿಗಳೆಲ್ಲ ಅದರಲ್ಲಿ ‘ಮೊನೆರಾ’ ಎಂಬ ಒಂದೇ ಮೂಟೆಗೆ ಬಿದ್ದವು.

ಆ ಮೂಟೆ ಬಿಚ್ಚಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್. ಅವರು ಆಕಾರವನ್ನು ಬಿಟ್ಟು ರೈಬೋಸೋಮಿನ ಆರ್‌ಎನ್‌ಎಯನ್ನು ಹಿಡಿದರು. ಪ್ರೋಟೀನ್ ತಯಾರಿಸುವ ರೈಬೋಸೋಮ್ ಬ್ಯಾಕ್ಟೀರಿಯಾದಲ್ಲೂ ಇದೆ, ಆನೆಯಲ್ಲೂ ಇದೆ. ಅದರ ಆರ್‌ಎನ್‌ಎ ಬದಲಾಗುವುದು ಬಲು ನಿಧಾನ. ಹಾಗಾಗಿ ಕೋಟ್ಯಂತರ ವರ್ಷ ಹಿಂದಿನ ನೆಂಟಸ್ತಿಕೆಯನ್ನೂ ಅದರಲ್ಲಿ ಪತ್ತೆ ಹಚ್ಚಬಹುದು. ಇಂದು ಯಂತ್ರಗಳು ಮಾಡುವ ಈ ಕೆಲಸಕ್ಕೆ ಅಂದು ಅಪಾರ ತಾಳ್ಮೆ ಬೇಕಿತ್ತು. ಸೂಕ್ಷ್ಮಜೀವಿಗಳಿಗೆ ವಿಕಿರಣಶೀಲ ರಂಜಕ ಉಣಿಸಿ, ಆರ್‌ಎನ್‌ಎಯನ್ನು ಕಿಣ್ವದಿಂದ ಕತ್ತರಿಸಿ, ಆ ತುಂಡುಗಳು ಎಕ್ಸ್‌ರೇ ಫಿಲ್ಮಿನ ಮೇಲೆ ಮೂಡಿಸಿದ ಚುಕ್ಕೆಗಳನ್ನು ವೋಸ್ ವರ್ಷಗಟ್ಟಲೆ ಹೋಲಿಸಿ ನೋಡಿದರು.

ಸಹೋದ್ಯೋಗಿ ರಾಲ್ಫ್ ವುಲ್ಫ್ ಅವರ ಪ್ರಯೋಗಾಲಯದಿಂದ ಮೀಥೇನ್ ಜೀವಿಗಳು ಬಂದಾಗ, ಬ್ಯಾಕ್ಟೀರಿಯಾಗಳಲ್ಲಿ ಸದಾ ಸಿಗುತ್ತಿದ್ದ ಕೆಲವು ತುಂಡುಗಳೇ ಅವುಗಳಲ್ಲಿ ಕಾಣಲಿಲ್ಲ. ಇವು ಬೇರೆಯದೇ ವಂಶದವೆಂದು ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಪ್ರಕಟಿಸಿದರು. ಸುದ್ದಿ ನ್ಯೂಯಾರ್ಕ್ ಟೈಮ್ಸ್ ಮುಖಪುಟಕ್ಕೆ ಬಂತು. ಹಲವು ವಿಜ್ಞಾನಿಗಳು ಮಾತ್ರ ನಂಬಲಿಲ್ಲ. ಈ ಸಂಶೋಧನೆಯಿಂದ ದೂರ ಸರಿಯುವಂತೆ ನೊಬೆಲ್ ಪುರಸ್ಕೃತ ಸಾಲ್ವಡಾರ್ ಲೂರಿಯಾ ವುಲ್ಫ್ ಅವರಿಗೆ ಫೋನ್ ಮಾಡಿ ಬುದ್ಧಿ ಹೇಳಿದರು. ವೋಸ್ ಪಟ್ಟು ಬಿಡಲಿಲ್ಲ. ಬ್ಯಾಕ್ಟೀರಿಯಾ, ಮೀಥೇನ್ ಜೀವಿಗಳು ಸೇರಿದ ಆರ್ಕಿಯಾ, ಕೋಶಕೇಂದ್ರವಿರುವ ಯೂಕ್ಯಾರಿಯಾ ಎಂಬ ಮೂರು ಮಹಾವಿಭಾಗಗಳನ್ನು 1990ರಲ್ಲಿ ಅವರೂ ಸಂಗಡಿಗರೂ ಮುಂದಿಟ್ಟರು.

ಹೊಸ ಹೆಸರುಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ವಂಶವೃಕ್ಷದ ಆಕಾರ. ಆನೆಗೂ ಆಲದ ಮರಕ್ಕೂ ಇರುವ ದೂರ, ನೋಡಲು ಒಂದೇ ತೆರನಾದ ಆರ್ಕಿಯಾ ಮತ್ತು ಬ್ಯಾಕ್ಟೀರಿಯಾಗಳ ನಡುವಿನ ದೂರಕ್ಕಿಂತ ಬಹಳ ಕಡಿಮೆ. ಇಷ್ಟು ದೊಡ್ಡ ಸತ್ಯ ಸಗಣಿಯಲ್ಲಿ, ಗದ್ದೆಯ ಕೆಸರಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ಅಡಗಿತ್ತು.

ಆ ಮರವೂ ಈಗ ಅಲುಗಾಡುತ್ತಿದೆ. ಆರ್ಕ್ಟಿಕ್ ಪ್ರದೇಶದ ಕಡಲಡಿಯ ಹೂಳಿನಿಂದ 2015ರಲ್ಲಿ ಪತ್ತೆಯಾದ ಲೋಕಿ ಆರ್ಕಿಯಾಗಳಲ್ಲಿ ಯೂಕ್ಯಾರಿಯಾಗಳಿಗಷ್ಟೇ ಮೀಸಲೆಂದುಕೊಂಡಿದ್ದ ವಂಶವಾಹಿಗಳಿದ್ದವು. ಯೂಕ್ಯಾರಿಯಾಗಳಾದ ನಾವೇ ಆರ್ಕಿಯಾದೊಳಗಿಂದ ಟಿಸಿಲೊಡೆದವರು, ಮಹಾವಿಭಾಗಗಳು ಎರಡೇ ಎಂದು ಈಗ ಅನೇಕರು ವಾದಿಸುತ್ತಿದ್ದಾರೆ. ಲೋಕಿ ಬಳಗದ ಒಂದು ಜೀವಿಯನ್ನು ಸುಮಾರು 12 ವರ್ಷ ಪಟ್ಟು ಹಿಡಿದು ಪ್ರಯೋಗಾಲಯದಲ್ಲಿ ಬೆಳೆಸಿರುವುದಾಗಿ ಜಪಾನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಅದರ ಮೈಯಿಂದ ಉದ್ದುದ್ದ ಚಾಚುಗಳು ಹೊರಟಿದ್ದವು. ಇಂಥ ಚಾಚುಗಳಿಂದಲೇ ನಮ್ಮ ಪೂರ್ವಜ ಕೋಶವು, ಮುಂದೆ ಮೈಟೊಕಾಂಡ್ರಿಯಾ ಆದ ಬ್ಯಾಕ್ಟೀರಿಯಾವನ್ನು ಬಳಸಿ ಹಿಡಿದಿರಬೇಕೆಂಬುದು ಅವರ ಊಹೆ.